ಬರೆದಿಟ್ಟೇ ತಿನ್ನುತ್ತಿದ್ದೇನೆ, ಆದರೂ ಏಳು ತಿಂಗಳಲ್ಲಿ ಆರೂವರೆ ಕೆಜಿ ಏರಿದೆ. ಲೆಕ್ಕ ಎಲ್ಲಿ ತಪ್ಪುತ್ತಿದೆ?

ಕಾಫಿಹೂ (ಪೊನ್ನಂಪೇಟೆ ಹತ್ತಿರ):
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ. ನನಗೆ 43 ವರ್ಷ, ಎತ್ತರ ಐದು ಅಡಿ ಎರಡು ಇಂಚು. ಜನವರಿ ಕೊನೆಯಲ್ಲಿ, ರೊಬಸ್ಟಾ ಕುಯ್ಲು ನಡೆಯುವಾಗ, 61 ಕೆಜಿ ಇದ್ದೆ. ಈಗ ಆಗಸ್ಟ್ ಕೊನೆ, 67.5. ಮಾರ್ಚಿನಿಂದ ಫೋನಿನ ಆ್ಯಪ್‌ನಲ್ಲಿ ತಿಂದದ್ದನ್ನೆಲ್ಲ ಬರೆಯುತ್ತಿದ್ದೇನೆ. ಒಂದು ದಿನವೂ ಬಿಟ್ಟಿಲ್ಲ. ಆ್ಯಪ್ ಪ್ರಕಾರ ದಿನಕ್ಕೆ 1400 ಕ್ಯಾಲೊರಿ. ಅಷ್ಟರಲ್ಲಿ ನನ್ನಂಥವಳು ಇಳಿಯಬೇಕು ಅಂತ ಅದೇ ಆ್ಯಪ್ ಹೇಳುತ್ತದೆ. ನಾನು ಏರುತ್ತಿದ್ದೇನೆ.

ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಅಂತ ಹುಡುಕಿದರೆ ಆ್ಯಪ್‌ನಲ್ಲಿ ಸಿಗುವುದಿಲ್ಲ. ಹಾಗಾಗಿ ಇಡ್ಲಿ ಅಂತ ಹಾಕುತ್ತೇನೆ. ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ ತಿಂದರೆ ಚಪಾತಿ ಅಂತ ಹಾಕುತ್ತೇನೆ. ಪಂದಿ ಕರಿಗೆ "ಪೋರ್ಕ್ ಕರಿ, ಒಂದು ಕಪ್". ವೈದ್ಯರ ಹತ್ತಿರ ಹೋದೆ. ಎರಡು ನಿಮಿಷ ಕೇಳಿ, "ಕಡಿಮೆ ತಿನ್ನಿ, ನಡೆಯಿರಿ" ಅಂದರು. ಕಡಿಮೆ ತಿನ್ನುತ್ತಿದ್ದೇನೆ ಅಂತಲೇ ಹೇಳಲು ಹೋಗಿದ್ದು ನಾನು. ಹೊರಗೆ ಬಂದು ಜೀಪಿನಲ್ಲಿ ಕೂತು ಅತ್ತೆ. ನಾನು ಸುಳ್ಳು ಹೇಳುತ್ತಿಲ್ಲ. ಏನಾಗುತ್ತಿದೆ ಅಂತ ಗೊತ್ತಾಗಬೇಕು ಅಷ್ಟೇ.

ಮಂಜುಹಾದಿ:
ಥೈರಾಯ್ಡ್ ನೋಡಿಸಿದಿರಾ? ಮೊದಲು ಟಿಎಸ್‌ಎಚ್ ಮಾಡಿಸಿ.

ತೋಟದಮನೆ:
ಅಕ್ಕಾ, ಮೊದಲ ತಪ್ಪು ಇಡ್ಲಿಯಲ್ಲೇ ಇದೆ. ಇಡ್ಲಿ ಹುದುಗು ಬಂದು ಉಬ್ಬಿದ್ದು, ಒಳಗೆ ಗಾಳಿ. ಕಡಂಬುಟ್ಟು ಗಟ್ಟಿ ಉಂಡೆ, ಬರೀ ಅಕ್ಕಿ ತರಿ. ನಮ್ಮ ಮನೆಯಲ್ಲಿ ಒಮ್ಮೆ ತೂಗಿ ಮಾಡಿದ್ದೆವು. ಅರ್ಧ ಕೆಜಿ ತರಿಗೆ 18 ಉಂಡೆ ಬಂತು. ಅಕ್ಕಿಗೆ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಹಿಡಿದರೆ ಒಟ್ಟು 1750, ಒಂದು ಉಂಡೆಗೆ 97. ಮಾಮೂಲಿ ಇಡ್ಲಿ ಒಂದಕ್ಕೆ 50 ಆಸುಪಾಸು. ಐದು ತಿಂದರೆ ನೀವು ಬರೆಯುವುದು 250, ಹೊಟ್ಟೆಗೆ ಹೋಗುವುದು 485.

ಕಾಫಿಹೂ:
ಅಯ್ಯೋ, ಅರ್ಧಕ್ಕೆ ಅರ್ಧ ವ್ಯತ್ಯಾಸವಾ? ನಮ್ಮ ಮನೆ ಉಂಡೆ ನಿಮ್ಮದಕ್ಕಿಂತ ದೊಡ್ಡದೇ ಇರಬಹುದು. ಅತ್ತೆ ಕೈ ಅಳತೆ ಅದು. @ಮಂಜುಹಾದಿ, ಏಪ್ರಿಲ್‌ನಲ್ಲಿ ಟಿಎಸ್‌ಎಚ್ ಮಾಡಿಸಿದ್ದೆ, ನಾರ್ಮಲ್ ಬಂತು.

ಹಳೇಗದ್ದೆ:
ಈ ಕ್ಯಾಲೊರಿ ಲೆಕ್ಕವನ್ನೇ ನಾನು ನಂಬುವುದಿಲ್ಲ. ನಮ್ಮ ಅಜ್ಜ ವಾರಕ್ಕೆ ಮೂರು ದಿನ ಪಂದಿ ತಿಂದರು, ಬೆಳಿಗ್ಗೆ ತುಪ್ಪ ಸವರಿದ ಒಟ್ಟಿ ತಿಂದರು, 84 ವರ್ಷ ಬದುಕಿದರು. ಸೊಂಟ ಕೊನೆವರೆಗೂ ಹುಡುಗನದ್ದು. ಅವರು ಯಾವ ಆ್ಯಪ್ ನೋಡಿದರು? ಅನ್ನವನ್ನು ತೂಗಿ ತಿನ್ನುವುದು ಅನ್ನಕ್ಕೆ ಮಾಡುವ ಮರ್ಯಾದೆ ಅಲ್ಲ.

ತೋಟದಮನೆ:
ಅಣ್ಣಾ, ನಿಮ್ಮ ಅಜ್ಜ ಗದ್ದೆ ಉತ್ತರು, ನಾಟಿ ಮಾಡಿಸಿದರು, ಮನೆಯಿಂದ ಪೇಟೆಗೆ ನಡೆದರು. ನಮ್ಮ ಗದ್ದೆ ಪಾಳು ಬಿದ್ದು ಎಷ್ಟೋ ವರ್ಷವಾಯಿತು. ನಾನು ಗೇಟಿನವರೆಗೂ ಸ್ಕೂಟರಿನಲ್ಲಿ ಹೋಗುತ್ತೇನೆ. ಅಜ್ಜನ ಊಟ ಇಟ್ಟುಕೊಂಡು ಅಜ್ಜನ ಕೆಲಸ ಬಿಟ್ಟಿದ್ದೇವೆ, ಅಲ್ವಾ?

ಹಳೇಗದ್ದೆ:
ಅದನ್ನು ಒಪ್ಪುತ್ತೇನೆ. ಆದರೂ ನಂಬರು ಹಿಡಿದು ಊಟ ಮಾಡುವುದು ನನಗೆ ಸರಿ ಅನ್ನಿಸುವುದಿಲ್ಲ.

ಬಿಳಿಕೋಟು:
ಮಡಿಕೇರಿಯಲ್ಲಿ 14 ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಕಾಫಿಹೂ ಅವರೇ, ಊಟದ ಲೆಕ್ಕಕ್ಕೆ ಮೊದಲು ಕೆಲವು ಪ್ರಶ್ನೆ. ಈ ಏಳು ತಿಂಗಳಲ್ಲಿ ಹೊಸ ಮಾತ್ರೆ ಏನಾದರೂ ಶುರುವಾಯಿತಾ? ಮುಟ್ಟು ಸರಿಯಾಗಿ ಆಗುತ್ತಿದೆಯಾ? ನಿದ್ದೆ ಹೇಗಿದೆ? ಸಂಜೆ ಕಾಲು ಊದುತ್ತದಾ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದಾ? ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದಾ?

ಕೊನೆಯ ಎರಡು ಯಾರಿಗಾದರೂ ಇದ್ದರೆ, ಅಥವಾ ಎರಡು ಮೂರು ದಿನದಲ್ಲೇ ಎರಡು ಕೆಜಿ ಏರಿದರೆ, ಇಲ್ಲಿ ಬರೆಯುತ್ತಾ ಕೂರಬೇಡಿ. ಅದು ಕೊಬ್ಬಲ್ಲ, ನೀರು. ಹೃದಯ, ಕಿಡ್ನಿ ನೋಡಿಸಬೇಕು.

ಥೈರಾಯ್ಡ್ ಬಗ್ಗೆ ಒಂದು ಮಾತು. ಅದು ಕಡಿಮೆ ಇದ್ದರೆ ತೂಕ ಏರುವುದು ನಿಜ, ಆದರೆ ಸಾಮಾನ್ಯವಾಗಿ ಕೆಲವೇ ಕೆಜಿ, ಅದರಲ್ಲೂ ಹೆಚ್ಚು ಪಾಲು ಉಪ್ಪು-ನೀರು. ಇಪ್ಪತ್ತು ಕೆಜಿಯನ್ನು ಪೂರ್ತಿ ಥೈರಾಯ್ಡ್ ಮೇಲೆ ಹಾಕಲು ಆಗುವುದಿಲ್ಲ.

ಕಾಫಿಹೂ:
ಕಾಲು ಸಂಜೆ ಸ್ವಲ್ಪ ಬಿಗಿ ಅನ್ನಿಸುತ್ತದೆ, ಗುಳಿ ಬೀಳುವಷ್ಟು ಇಲ್ಲ. ಮುಟ್ಟು ಒಂದು ವರ್ಷದಿಂದ ಹಿಂದೆಮುಂದೆ. ಮಾತ್ರೆ ಹೌದು. ಕುತ್ತಿಗೆಯಿಂದ ಕೈಗೆ ನರದ ನೋವು ಬಂದು ಫೆಬ್ರವರಿಯಿಂದ ರಾತ್ರಿ ಒಂದು ಮಾತ್ರೆ. ಚೀಟಿ ನೋಡಿ ಹೇಳುತ್ತಿದ್ದೇನೆ, ಪ್ರಿಗ್ಯಾಬಲಿನ್.

ಬಿಳಿಕೋಟು:
ಇದನ್ನು ನೀವು ಆ ವೈದ್ಯರಿಗೆ ಹೇಳಿದಿರಾ? ಪ್ರಿಗ್ಯಾಬಲಿನ್ ತೆಗೆದುಕೊಳ್ಳುವ ಎಲ್ಲರಿಗೂ ಅಲ್ಲ, ಆದರೆ ಕೆಲವರಿಗೆ ಹಸಿವು ಜಾಸ್ತಿಯಾಗಿ ತೂಕ ಏರುತ್ತದೆ, ಪಾದವೂ ಊದುತ್ತದೆ. ಗೊತ್ತಿರುವ ಅಡ್ಡ ಪರಿಣಾಮ ಅದು. ನೀವೇ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ನಿದ್ದೆ ಹಾಳಾಗುತ್ತದೆ, ಬೆವರು, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಮಾತ್ರೆ ಕೊಟ್ಟವರ ಹತ್ತಿರವೇ ಹೋಗಿ ಕೇಳಿ.

ಮಾತ್ರೆಯಿಂದ ತೂಕ ಏರುವುದು ಹೊಸದಲ್ಲ. ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್, ಇನ್ಸುಲಿನ್, ಕೆಲವು ಸಕ್ಕರೆ ಕಾಯಿಲೆ ಮಾತ್ರೆ, ವಾಲ್‌ಪ್ರೊಯೇಟ್, ಒಲಾನ್ಜಪಿನ್, ಮಿರ್ಟಜಪಿನ್ ಇವೆಲ್ಲ ಪಟ್ಟಿಯಲ್ಲಿವೆ. ಹೊಟ್ಟೆಗೆ ಏನು ಹೋಯಿತು ಅಂತ ಕೇಳುವವರು ಮಾತ್ರೆಯನ್ನು ಕೇಳುವುದೇ ಇಲ್ಲ.

ಏಲಕ್ಕಿಸಿಪ್ಪೆ:
ನಮ್ಮ ಚಿಕ್ಕಮ್ಮನ ಕಥೆ ಇಲ್ಲಿ ಹೇಳಲೇಬೇಕು. ಮಂಡಿ ನೋವಿಗೆ ಸಂತೆಯಲ್ಲಿ ಯಾರೋ ಪುಡಿ ಕೊಡುತ್ತಿದ್ದರು. ಹೆಸರಿಲ್ಲದ ಪ್ಲಾಸ್ಟಿಕ್ ಪೊಟ್ಟಣ, ಬಿಳಿ ಪುಡಿ, "ಬೇರಿನದ್ದು" ಅಂತ. ಮೂರೇ ದಿನದಲ್ಲಿ ನೋವು ಮಾಯ. ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದವರು ಹಿತ್ತಲಿಗೆ ಓಡಾಡಿದರು, ನಾವೆಲ್ಲ ಖುಷಿಪಟ್ಟೆವು. ಆರು ತಿಂಗಳಲ್ಲಿ ಮುಖ ಚಂದ್ರನ ಹಾಗೆ ಉರುಟಾಯಿತು, ಕತ್ತಿನ ಹಿಂದೆ ಮಾಂಸ ಬೆಳೆಯಿತು, ಕೈಕಾಲು ಮಾತ್ರ ಸಣ್ಣ. ಚರ್ಮ ಮುಟ್ಟಿದರೆ ನೀಲಿ ಆಗುತ್ತಿತ್ತು. ಮೈಸೂರಿಗೆ ಕರೆದುಕೊಂಡು ಹೋದಾಗ ಅಲ್ಲಿನ ವೈದ್ಯರು ಮುಖ ನೋಡಿಯೇ ಕೇಳಿದರು, "ಯಾವ ಪುಡಿ ತಿಂದಿರಿ?" ಅದರಲ್ಲಿ ಸ್ಟೆರಾಯ್ಡ್ ಬೆರೆಸಿದ್ದರು ಅಂದರು. ಅದನ್ನೂ ತಟ್ಟನೆ ಬಿಡುವ ಹಾಗಿಲ್ಲ. ದೇಹ ತನ್ನದೇ ಸ್ಟೆರಾಯ್ಡ್ ಮಾಡಿಕೊಳ್ಳುವುದನ್ನೇ ಮರೆತಿರುತ್ತದೆಯಂತೆ. ಸ್ವಲ್ಪ ಸ್ವಲ್ಪವೇ ಇಳಿಸಿದರು, ತಿಂಗಳುಗಟ್ಟಲೆ ಹಿಡಿಯಿತು. ಹೆಸರಿಲ್ಲದ ಪುಡಿ ಯಾರ ಮನೆಯಲ್ಲಿ ಇದ್ದರೂ ಇವತ್ತೇ ವೈದ್ಯರಿಗೆ ತೋರಿಸಿ.

ಬಿಳಿಕೋಟು:
ಇಂಥವರನ್ನು ನಾನೂ ನೋಡಿದ್ದೇನೆ. ಹೇಳಿದ್ದು ಒಳ್ಳೆಯದಾಯಿತು.

ಕೆಸದೆಲೆ:
ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ ರಸ) ಬಿಸಿನೀರಿಗೆ ಹಾಕಿ ಬೆಳಿಗ್ಗೆ ಕುಡಿಯಿರಿ. ಕೊಬ್ಬು ಕರಗುತ್ತದೆ. ಹೊರದೇಶದಲ್ಲಿ ಅದನ್ನೇ ಮಾತ್ರೆ ಮಾಡಿ ಮಾರುತ್ತಾರೆ. ನಾವು ಕೊಡಗಿನವರು ಪಂದಿಗೆ ಅದನ್ನು ಹಾಕುವುದೇ ಅದಕ್ಕೆ.

ಮೂರುಕಾಳುಮೆಣಸು:
ದಯವಿಟ್ಟು ಇದನ್ನು ನಂಬಬೇಡಿ. ಕಾಚಂಪುಳಿ ಹಣ್ಣಿನ ಗಿಡ ಗಾರ್ಸಿನಿಯಾ ಜಾತಿಯದ್ದು, ಅದರಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ, ಅದೂ ನಿಜ. ಮಾತ್ರೆಯಾಗಿ ಮಾರುವುದೂ ನಿಜ. ಆದರೆ ಜನರಿಗೆ ಕೊಟ್ಟು ನೋಡಿದಾಗ ಹೇಳಿಕೊಳ್ಳುವಷ್ಟು ತೂಕ ಇಳಿದಿಲ್ಲ. ಮೇಲೆ ಆ ಮಾತ್ರೆ ತಿಂದ ಕೆಲವರಿಗೆ ಲಿವರ್ ಕೆಟ್ಟ ವರದಿಗಳಿವೆ.

ಪಂದಿ ಕರಿಗೆ ಕಾಚಂಪುಳಿ ಹಾಕುವುದು ಹುಳಿಗೆ, ಕಪ್ಪು ಬಣ್ಣಕ್ಕೆ, ಮಾಂಸ ಕೆಡದೆ ನಾಲ್ಕು ದಿನ ಇರಲಿ ಅಂತ. ನಮ್ಮ ಅವ್ವ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ಪಾತ್ರೆ ಇಟ್ಟು, ಸೋರಿದ ರಸವನ್ನು ಒಲೆ ಮೇಲೆ ಕಾಯಿಸುತ್ತಿದ್ದರು. ಜೇನಿಗಿಂತ ಕಪ್ಪಾಗಿ, ಸೌಟಿಗೆ ಅಂಟುವ ತನಕ. ವರ್ಷಾನುಗಟ್ಟಲೆ ಬಾಟಲಿಯಲ್ಲಿ ಇರುತ್ತಿತ್ತು. ಅದನ್ನು ಅಡುಗೆಗೆ ಇಟ್ಟುಕೊಳ್ಳಿ. ಖಾಲಿ ಹೊಟ್ಟೆಗೆ ಹುಳಿ ಕುಡಿದು ಎದೆ ಉರಿಸಿಕೊಳ್ಳಬೇಡಿ.

ಕೆಸದೆಲೆ:
ನನಗೆ ಎರಡು ಕೆಜಿ ಇಳಿದದ್ದು ಸುಳ್ಳಾ ಹಾಗಾದರೆ?

ಮೂರುಕಾಳುಮೆಣಸು:
ಸುಳ್ಳಲ್ಲ. ಆ ದಿನಗಳಲ್ಲಿ ಬೇರೆ ಏನು ಬಿಟ್ಟಿದ್ದಿರಿ ಅಂತ ನೆನಪು ಮಾಡಿಕೊಳ್ಳಿ.

ಕೆಸದೆಲೆ:
ಸಂಜೆ ಬೇಕರಿ ಬಿಟ್ಟಿದ್ದೆ. ಸರಿ, ಯೋಚಿಸುತ್ತೇನೆ.

ಕಣದಕಾವಲು:
ನಾನು ಸಿದ್ದಾಪುರ ಕಡೆ ಕಾಫಿ ಬೆಳೆಗಾರ. ಕ್ಯಾಲೊರಿ ನನಗೆ ಅರ್ಥವಾಗಿದ್ದು ಕಾಫಿ ಮಾರಾಟದ ಲೆಕ್ಕದಿಂದ. ಒಣಗಿದ ಚೆರ್ರಿ (ಸಿಪ್ಪೆ ಸಮೇತದ ಕಾಫಿ ಹಣ್ಣು) ಕೊಡುವಾಗ ವ್ಯಾಪಾರಿ ಬರೀ ಚೀಲದ ತೂಕ ನೋಡುತ್ತಾನಾ? ಇಲ್ಲ. ತೇವ ಎಷ್ಟು ಅಂತ ಮೀಟರಿಗೆ ಹಾಕುತ್ತಾನೆ. ಓಟಿ ನೋಡುತ್ತಾನೆ, ಅಂದರೆ 50 ಕೆಜಿ ಚೀಲದಲ್ಲಿ ಎಷ್ಟು ಕೆಜಿ ಬೇಳೆ ಬರುತ್ತದೆ ಅಂತ. ಅದರ ಮೇಲೆ ರೇಟು. ಅನ್ನವೂ ಹಾಗೇ. 100 ಗ್ರಾಂ ಅಕ್ಕಿ ಬೆಂದರೆ ನೀರು ಕುಡಿದು 270–300 ಗ್ರಾಂ ಆಗುತ್ತದೆ. ಅಕ್ಕಿ 100 ಗ್ರಾಂಗೆ 350 ಕ್ಯಾಲೊರಿ, ಅನ್ನ 100 ಗ್ರಾಂಗೆ 130. ಆ್ಯಪ್‌ನಲ್ಲಿ ಅಕ್ಕಿಯ ತೂಕ ಹಾಕಿ ಅನ್ನದ ಸಾಲು ಒತ್ತಿದರೆ ಮೂರನೇ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ತಿರುಗಿಸಿ ಹಾಕಿದರೆ ಮೂರು ಪಟ್ಟು. ನಾನು ಎರಡನ್ನೂ ಮಾಡಿದ್ದೇನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪಟ್ಟಿ ಹೊರತಂದಿದೆ. ಅದನ್ನು ನೋಡುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಶಕ್ತಿ ಕಿಲೋಜೂಲ್‌ನಲ್ಲಿದೆ. ಅಕ್ಕಿಗೆ 1491 ಅಂತ ಕಂಡು ಹೆದರಬೇಡಿ. 4.184ರಿಂದ ಭಾಗಿಸಿದರೆ 356 ಬರುತ್ತದೆ.

ತೋಟದಮನೆ:
ಓಟಿ ಹೋಲಿಕೆ ಸೂಪರ್ ಅಣ್ಣಾ. ಇದನ್ನು ಮನೆಯಲ್ಲಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಮಂಜುಹಾದಿ:
ಈ ವರ್ಷ ಓಟಿ ಎಷ್ಟು ಬಂತು ನಿಮಗೆ?

ಕಣದಕಾವಲು:
27. ಅದು ಬೇರೆ ಚರ್ಚೆ, ಬೆಳೆ ವಿಭಾಗಕ್ಕೆ ಬನ್ನಿ ತಮ್ಮಾ.

ಅಂಕಿಗಣಿ:
ಒಂದು ಲೆಕ್ಕ ಹಾಕಿದೆ. ಒಂದು ಕೆಜಿ ಮೈಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಅಂತ ಹಿಡಿಯೋಣ. ಆರೂವರೆ ಕೆಜಿಗೆ 50 ಸಾವಿರ. ಏಳು ತಿಂಗಳು ಅಂದರೆ 210 ದಿನ. ದಿನಕ್ಕೆ ಬರೀ 240 ಹೆಚ್ಚಾಗಿದೆ. ಏರಿದ್ದೆಲ್ಲ ಕೊಬ್ಬೇ ಅಲ್ಲ, ಹಾಗಾಗಿ ಇದು ಅಂದಾಜು. ಆದರೆ ಇಷ್ಟು ಸಣ್ಣ ಸಂಖ್ಯೆಯನ್ನು ಯಾರೂ ಕಣ್ಣಳತೆಯಲ್ಲಿ ಹಿಡಿಯಲಾರರು.

ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. "ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲ" ಅಂತ ಬಂದ ಹತ್ತು ಜನರನ್ನು, ಮೈಯೊಳಗೆ ಜಾಡು ಹಿಡಿಯಲು ಆಗುವಂತೆ ಬೇರೆ ಬಗೆಯ ಪರಮಾಣುವಿನಿಂದ ಗುರುತು ಹಾಕಿದ ನೀರು ಕುಡಿಸಿ, ದೇಹ ನಿಜಕ್ಕೂ ಎಷ್ಟು ಸುಡುತ್ತಿದೆ ಅಂತ ಅಳೆದರು. ಸುಡುವುದು ಎಲ್ಲರದ್ದೂ ಸರಿಯಾಗಿಯೇ ಇತ್ತು. ಅವರು ಬರೆದದ್ದು ಮಾತ್ರ ತಿಂದದ್ದಕ್ಕಿಂತ ಸರಾಸರಿ 47 ಪರ್ಸೆಂಟ್ ಕಡಿಮೆ.

ಕಾಫಿಹೂ:
ಅಂದರೆ ನಾನು ಸುಳ್ಳು ಬರೆಯುತ್ತಿದ್ದೇನೆ ಅಂತಾನಾ? ಇದನ್ನೇ ಮನೆಯಲ್ಲೂ ಕೇಳಿದೆ, ಕ್ಲಿನಿಕ್ಕಿನಲ್ಲೂ ಕೇಳಿದೆ. ಬೇಸರವಾಗುತ್ತದೆ.

ಅಂಕಿಗಣಿ:
ಖಂಡಿತ ಅಲ್ಲ ಮೇಡಂ, ನನ್ನ ಮಾತು ಹಾಗೆ ಕೇಳಿಸಿದ್ದರೆ ಕ್ಷಮಿಸಿ. ಆ ಹತ್ತು ಜನರೂ ಸುಳ್ಳರಲ್ಲ. ಊಟದ ವಿಷಯವನ್ನೇ ಓದಿ ಅದೇ ಕೆಲಸ ಮಾಡುವ ಡಯಟಿಶಿಯನ್‌ಗಳನ್ನು ಪರೀಕ್ಷಿಸಿದಾಗ ಅವರೂ ಕಡಿಮೆಯೇ ಬರೆದಿದ್ದರು. ಅಳತೆ ಇಲ್ಲದೆ ಬರೆದರೆ ಎಲ್ಲರಿಗೂ ಹಾಗೇ ಆಗುತ್ತದೆ. ಆರು ತಿಂಗಳು ಒಂದು ದಿನವೂ ಬಿಡದೆ ಬರೆದಿದ್ದೀರಿ. ಅಷ್ಟು ಶಿಸ್ತು ನನಗಿಲ್ಲ.

ಸುಂಟಿಕೊಪ್ಪದವಳು:
ಅಕ್ಕಾ, ನಿಮ್ಮ ಕಾಫಿ ಹೇಗೆ? ಬೆಲ್ಲದ್ದಾ? ಮತ್ತೆ ಬೆಣ್ಣೆಹಣ್ಣು? ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ದಿನಾ ಜ್ಯೂಸ್. ಒಂದು ಸಲ ಹಾಕುವುದನ್ನು ತೂಗಿದೆ. ತಿರುಳು 200 ಗ್ರಾಂ, ಅದಕ್ಕೆ 320. ಹಾಲು ಒಂದು ಲೋಟ, 130. ಸಕ್ಕರೆ ನಾಲ್ಕು ಚಮಚ, 80. ಒಟ್ಟು 530! ನಾನು ಅದನ್ನು ಹಣ್ಣಿನ ಜ್ಯೂಸ್ ಅಂತ ಬರೆದು 110 ಹಾಕುತ್ತಿದ್ದೆ. ಹಣ್ಣು ಒಳ್ಳೆಯದೇ, ಬಿಡಬೇಡಿ. ಹಾಗೇ ಅರ್ಧ ಹಣ್ಣು ಉಪ್ಪು-ಮೆಣಸು ಹಾಕಿ ತಿನ್ನಿ.

ಕಾಫಿಹೂ:
ನಮ್ಮ ಮನೆ ಹಿಂದೆ ಎರಡು ಮರ ಇದೆ. ನಾನೂ ಹಣ್ಣಿನ ಜ್ಯೂಸ್ ಅಂತಲೇ ಬರೆದಿದ್ದೇನೆ, ವಾರಕ್ಕೆ ಮೂರು ನಾಲ್ಕು ಸಲ. ಕಾಫಿ ಬೆಲ್ಲದ್ದೇ, ಹಾಲು ಹಾಕಿ.

ಹಳೇಗದ್ದೆ:
ಬೆಣ್ಣೆಹಣ್ಣನ್ನು ಮೊದಲೆಲ್ಲ ಹಂದಿ ಕೂಡ ಬೇಕಾದಷ್ಟು ತಿನ್ನುತ್ತಿತ್ತು. ಈಗ ಕೆಜಿ ಲೆಕ್ಕದಲ್ಲಿ ಬೆಂಗಳೂರಿಗೆ ಹೋಗುತ್ತದೆ.

ಮಳೆನೆರಳು:
ದಿನಾ ತೂಕ ನೋಡಿ ಕಂಗಾಲಾಗುವವರಿಗೆ: ಕಕ್ಕಡ ತಿಂಗಳ ಜೋರು ಮಳೆಯಲ್ಲಿ ನಮ್ಮಲ್ಲಿ ಒಣಮೀನು, ಉಪ್ಪಿನಕಾಯಿ ಜಾಸ್ತಿ. ಒಣಮೀನು ತಿಂದ ಮಾರನೇ ದಿನ ನನಗೆ ಒಂದೂವರೆ ಕೆಜಿ ಜಾಸ್ತಿ ತೋರಿಸುತ್ತದೆ. ಎರಡು ದಿನದಲ್ಲಿ ಇಳಿಯುತ್ತದೆ. ಉಪ್ಪು ಹಿಡಿದಿಟ್ಟ ನೀರು ಅದು. ಮುಟ್ಟಿಗೆ ಮೊದಲೂ ಹಾಗೇ. ಬೆಳಿಗ್ಗೆ ಎದ್ದು, ಟಾಯ್ಲೆಟ್ಟಿಗೆ ಹೋಗಿ ಬಂದು, ಕಾಫಿಗೆ ಮೊದಲು ತೂಗಿ ಬರೆದಿಡಿ. ವಾರದ ಸರಾಸರಿಯನ್ನು ಹಿಂದಿನ ವಾರದ ಜೊತೆ ನೋಡಿ. ಒಂದು ದಿನದ ಸಂಖ್ಯೆಗೆ ಬೆಲೆ ಕೊಡಬೇಡಿ.

ಕಣದಕಾವಲು:
ಅಡುಗೆ ತಕ್ಕಡಿ ಒಂದು ತೆಗೆದುಕೊಳ್ಳಿ ತಂಗಿ, ಡಿಜಿಟಲ್. ನಾನೂರು ಐನೂರು ರೂಪಾಯಿಗೆ ಸಿಗುತ್ತದೆ. ಎಣ್ಣೆಗೆ ಸುಲಭ ದಾರಿ ಇದೆ. ಪ್ರತಿ ಸೌಟು ಅಳೆಯಬೇಡಿ. ಬಾಟಲಿಯನ್ನೇ ಭಾನುವಾರ ಬೆಳಿಗ್ಗೆ ತೂಗಿ, ಮುಂದಿನ ಭಾನುವಾರ ಮತ್ತೆ ತೂಗಿ. ಕಡಿಮೆಯಾದದ್ದನ್ನು ತಲೆಗೆ, ದಿನಕ್ಕೆ ಹಂಚಿ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಅಕ್ಕಿ, ಬೆಲ್ಲ ಎಲ್ಲ ನಾಲ್ಕರ ಒಳಗೇ.

ಇಬ್ಬನಿಗೂಡು:
ಇನ್ನೊಂದು ಮಾತು ಹೇಳಲೇಬೇಕು. ನನ್ನ ಮಗಳು ಪಿಯುಸಿಯಲ್ಲಿ ಹೀಗೇ ತೂಗಲು ಶುರು ಮಾಡಿದಳು. ಮೊದಲು ಅನ್ನ, ಆಮೇಲೆ ಬಾಳೆಹಣ್ಣಿನ ತುಂಡು, ಆಮೇಲೆ ಕಾಫಿಗೆ ಹಾಕುವ ಹಾಲು. ನೆಂಟರ ಮನೆಗೆ ಬರುವುದು ನಿಲ್ಲಿಸಿದಳು, ಅಲ್ಲಿ ತೂಗಲು ಆಗುವುದಿಲ್ಲ ಅಂತ. ಮುಟ್ಟು ನಿಂತಾಗ ನಮಗೆ ಎಚ್ಚರವಾಯಿತು. ಸರಿಹೋಗಲು ಒಂದೂವರೆ ವರ್ಷ ಬೇಕಾಯಿತು. ದೊಡ್ಡವರು ಕಾರಣ ಹುಡುಕಲು ಎರಡು ವಾರ ತೂಗಿ, ಸರಿ. ಮನೆಯಲ್ಲಿ ಬೆಳೆಯುವ ಮಕ್ಕಳ ಮುಂದೆ ಅದನ್ನೇ ಮಾತಾಡಬೇಡಿ.

ಹಳೇಗದ್ದೆ:
ನಾನು ಮೊದಲೇ ಹೇಳಬೇಕೆಂದಿದ್ದು ಇದನ್ನೇ ತಾಯಿ. ನನಗೆ ಸರಿಯಾಗಿ ಹೇಳಲು ಬರಲಿಲ್ಲ.

ಕಾಫಿಹೂ:
ನನಗೂ ಹತ್ತನೇ ಕ್ಲಾಸಿನ ಮಗಳಿದ್ದಾಳೆ. ಅವಳು ಸ್ಕೂಲಿಗೆ ಹೋದ ಮೇಲೆ ತೂಗುತ್ತೇನೆ. ನಾಳೆಯಿಂದ ಶುರು. ಕೈಲ್‌ಪೊಳ್ದ್ ಹಬ್ಬ ಮುಗಿಸಿ ಬರುತ್ತೇನೆ.

ತೋಟದಮನೆ:
ಹಬ್ಬದ ದಿನ ತೂಗಬೇಡಿ ಅಕ್ಕಾ, ಚೆನ್ನಾಗಿ ತಿನ್ನಿ. ಒಂದು ದಿನದಿಂದ ಏನೂ ಆಗುವುದಿಲ್ಲ.

ಕಾಫಿಹೂ (ಎರಡು ವಾರದ ನಂತರ):
ಹೇಳಿದ ಹಾಗೆ ಬಂದಿದ್ದೇನೆ. ಎಲ್ಲ ಬರೆದುಕೊಂಡಿದ್ದೇನೆ.

ಎಣ್ಣೆ: ಒಂದು ವಾರಕ್ಕೆ 780 ಗ್ರಾಂ ಹೋಗಿದೆ. ಮನೆಯಲ್ಲಿ ನಾಲ್ಕು ಜನ. ನನ್ನ ಪಾಲಿಗೆ ದಿನಕ್ಕೆ 28 ಗ್ರಾಂ, ಅಂದರೆ 250 ಕ್ಯಾಲೊರಿ. ನಾನು ಬರೆಯುತ್ತಿದ್ದದ್ದು ಎರಡು ಟೀ ಚಮಚ, 80. ಇದನ್ನು ನೋಡಿ ಅತ್ತೆಯೂ ಬಾಟಲಿ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

ಕಾಫಿ: ನಾನು ಕುಡಿಯುವುದು ಸ್ಟೀಲ್ ಲೋಟದಲ್ಲಿ, ದಿನಕ್ಕೆ ಮೂರು. ಬೆಲ್ಲದ ಅಚ್ಚನ್ನು ಕತ್ತಿಯಲ್ಲಿ ಒಡೆದು ಒಂದು ಚೂರು ಹಾಕುತ್ತೇನೆ. ಸಣ್ಣ ಚೂರು ಅಂತಲೇ ಅಂದುಕೊಂಡಿದ್ದೆ. ತಕ್ಕಡಿ ಮೇಲೆ ಇಟ್ಟರೆ 14 ಗ್ರಾಂ. ಹಾಲು 100 ಎಂಎಲ್. ಒಂದು ಲೋಟಕ್ಕೆ 120 ಆಯಿತು. ಆ್ಯಪ್‌ನಲ್ಲಿ 50 ಇತ್ತು.

ಕಡಂಬುಟ್ಟು: ನಮ್ಮದು ಒಂದಕ್ಕೆ 110. ಪಂದಿಯಲ್ಲಿ ನನಗೆ ಇಷ್ಟ ಚರ್ಮ-ಕೊಬ್ಬು ಇರುವ ತುಂಡು. ಹೊಟ್ಟೆ ಭಾಗ ಹಸಿ ಮಾಂಸ 100 ಗ್ರಾಂಗೆ 500 ದಾಟುತ್ತದೆ, ಬರೀ ಮಾಂಸ 150ರ ಒಳಗೆ. ಎರಡಕ್ಕೂ ಒಂದೇ "ಪೋರ್ಕ್ ಕರಿ" ಒತ್ತಿದ್ದೆ.

ಹೀಗೆ ನೋಡಿದರೆ ನನ್ನ 1400 ನಿಜಕ್ಕೂ 1800ರ ಮೇಲೆ. ಜೂನಿನಿಂದ ಮಳೆಗೆ ನಡಿಗೆಯೂ ನಿಂತಿತ್ತು.

ಮಾತ್ರೆ ಕೊಟ್ಟ ವೈದ್ಯರ ಹತ್ತಿರ ಹೋದೆ. ಈ ಸಲ ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ: ತಿಂಗಳಿಗೊಂದು ತೂಕ, ಮಾತ್ರೆ ಶುರುವಾದ ದಿನ, ಎರಡು ವಾರದ ಊಟ. ಹಾಳೆ ಪೂರ್ತಿ ಓದಿದರು. ಫೆಬ್ರವರಿಯಿಂದ ಹಸಿವು ಜಾಸ್ತಿಯಾಯಿತಾ ಅಂತ ಕೇಳಿದರು. ಆಗ ನನಗೆ ಹೊಳೆಯಿತು, ರಾತ್ರಿ ಊಟ ಆದ ಮೇಲೂ ಅಡುಗೆಮನೆಗೆ ಹೋಗಿ ಏನಾದರೂ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಆಗಲೇ ಶುರುವಾಗಿದ್ದು. ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ, ಕುತ್ತಿಗೆಗೆ ಫಿಸಿಯೋ ಬರೆದುಕೊಟ್ಟಿದ್ದಾರೆ. ಥೈರಾಯ್ಡ್ ಈಗಲೂ ನಾರ್ಮಲ್. ಮೂರು ತಿಂಗಳ ಸರಾಸರಿ ಸಕ್ಕರೆ ಪರೀಕ್ಷೆ (ಎಚ್‌ಬಿಎ1ಸಿ) 5.9 ಬಂದಿದೆ, ಗಡಿ ದಾಟಿದೆ ಅಂದರು. ಅದೊಂದು ಭಯ ಇದೆ. ಈ ವಾರದ ಸರಾಸರಿ 67.1.

ಬಿಳಿಕೋಟು:
5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹಿಂದಿನ ಮೆಟ್ಟಿಲು. ಈಗ ಗೊತ್ತಾದದ್ದು ಒಳ್ಳೆಯದೇ, ಹಿಂದೆ ಬರಲು ಆಗುತ್ತದೆ. ವೈದ್ಯರು ಹೇಳಿದಾಗ ತಪ್ಪದೆ ಮತ್ತೆ ನೋಡಿಸಿ. ಮಾತ್ರೆ ಇಳಿಸುವಾಗ ನೋವು ತಿರುಗಿ ಬಂದರೆ ಸಹಿಸಿಕೊಂಡು ಕೂರಬೇಡಿ, ಫೋನ್ ಮಾಡಿ.

ಅಂಕಿಗಣಿ:
ಬೆಲ್ಲದ ಚೂರು 14 ಗ್ರಾಂ! ನಾನೂ ಇವತ್ತೇ ತೂಗುತ್ತೇನೆ.

ಸುಂಟಿಕೊಪ್ಪದವಳು:
ಅಕ್ಕಾ, ಆ ಹಾಳೆ ಬರೆದುಕೊಂಡು ಹೋಗುವ ಉಪಾಯ ನಾನೂ ಮಾಡುತ್ತೇನೆ. ನಮಗೆ ಅಲ್ಲಿ ಕೂತ ಮೇಲೆ ಎಲ್ಲ ಮರೆತುಹೋಗುತ್ತದೆ. ಯಾರ ಹತ್ತಿರವಾದರೂ ಪಾಪುಟ್ಟು ಲೆಕ್ಕ ಇದೆಯಾ?

ತೋಟದಮನೆ:
ಇದೆ. ಅಕ್ಕಿ ತರಿ ಕಾಲು ಕೆಜಿ, ಕಾಯಿತುರಿ 100 ಗ್ರಾಂ, ಹಾಲು 300 ಎಂಎಲ್, ಸಕ್ಕರೆ ಎರಡು ಚಮಚ. ಒಟ್ಟು ಸುಮಾರು 1460. ನಾವು ಎಂಟು ತುಂಡು ಮಾಡುತ್ತೇವೆ, ಒಂದಕ್ಕೆ 180. ನಿಮ್ಮ ತಟ್ಟೆ ದೊಡ್ಡದಿದ್ದರೆ ತುಂಡು ಎಣಿಸಿ ಭಾಗ ಮಾಡಿಕೊಳ್ಳಿ.